ಹುಣಸೆಯ ಬದಲು ಸಂಪಿಗೆ

ಆಲದ ಪೊಟರೆಯಲ್ಲಿ ಜೋಳದ ಉಗ್ರಾಣವಿಟ್ಟಿದ್ದ ಅಳಿಲಿಗೆ ಗೊರವಂಕವೇ ವಕ್ತಾರ. ಮಳೆಗಾಲಕ್ಕೆ ಮೊದಲು ಉಗ್ರಾಣದ ಸ್ಥಿತಿಯನ್ನು ಮರದ ಬುಡದಲ್ಲಿ ವಾಸನೆಯಿಂದ ಗುರುತು ಮಾಡಬೇಕೆಂಬುದು ಕಾಡಿನ ಕಟ್ಟಳೆ: ಒಳ್ಳೆಯ ಕಾಳಿಗೆ ತುಳಸಿ, ಮುಗ್ಗಿದ ಕಾಳಿಗೆ ಹುಣಸೆ, ಒಂದೊಂದಕ್ಕೂ ಅದರದೇ ಜಾಗ. ಕಿವಿಯಿಲ್ಲದ ಇರುವೆಗಳು ಅದನ್ನು ಮೀಸೆಯಿಂದ ಓದಿ, ಯಾವ ಮರವನ್ನು ನಂಬುವುದೆಂದು ತೀರ್ಮಾನಿಸುತ್ತಿದ್ದವು. ನಂಬಿದ ಮರಕ್ಕೆ ಗೆದ್ದಲು ಹತ್ತದಂತೆ ಕಾಯುತ್ತಿದ್ದವು, ಕೂಲಿಗೆ ಕಾಳು.

ಆ ವರ್ಷ ಮುಕ್ಕಾಲು ಜೋಳ ಮುಗ್ಗಿತ್ತು.

"ಹುಣಸೆ ಹಚ್ಚಿದರೆ ಒಂದು ಇರುವೆಯೂ ಇತ್ತ ಸುಳಿಯುವುದಿಲ್ಲ" ಎಂದಿತು ಅಳಿಲು.

"ಮುಚ್ಚಿಡುವುದೂ ತಪ್ಪು. ನಮ್ಮದೇ ಒಂದು ವಾಸನೆಯಲ್ಲಿ ಹೇಳೋಣ" ಎಂದಿತು ಗೊರವಂಕ. ಒಳ್ಳೆಯ ಕಾಳಿಗೆ ತುಳಸಿ ಹಚ್ಚಿ, ಮುಗ್ಗಿದ ಕಾಳಿಗೆಂದು ಪಕ್ಕದಲ್ಲಿ ಸಂಪಿಗೆ ತಿಕ್ಕಿ, ಅದರ ಅರ್ಥವನ್ನು ಕೊಂಬೆಯ ಮೇಲೆ ಕೂತು ಇಂಪಾಗಿ ಸಾರಿತು. ಹಕ್ಕಿಗಳೆಲ್ಲ ತಲೆದೂಗಿದವು. ಸುಳ್ಳಾಡಲಿಲ್ಲವೆಂದು ಗೊರವಂಕಕ್ಕೂ ಸಮಾಧಾನ.

ಇರುವೆಗಳು ಬಂದವು. ತುಳಸಿಯನ್ನು ಓದಿದವು. ಕಟ್ಟಳೆಯಲ್ಲಿಲ್ಲದ ಸಂಪಿಗೆಯನ್ನು ದಾಟಿ ನಡೆದವು. ಹುಣಸೆಯ ಜಾಗ ಖಾಲಿಯಿತ್ತು. ಮೊಟ್ಟೆ ಕಚ್ಚಿಕೊಂಡು ಇಡೀ ಬಳಗ ಬುಡದಲ್ಲಿ ಬಂದು ನೆಲೆಸಿತು.

ಜಡಿಮಳೆ ಹಿಡಿಯಿತು, ಒಳ್ಳೆಯ ಕಾಳು ಮುಗಿಯಿತು. ಸುತ್ತ ನೀರು ನಿಂತು, ಬೇರೆಡೆ ಹೋಗಲು ದಾರಿಯೂ ಇಲ್ಲವಾಯಿತು. ಇರುವೆಗಳು ಒಂದೊಂದಾಗಿ ಹಸಿದು ಸತ್ತವು. ಕೊನೆಗುಳಿದ ಮುದಿ ಇರುವೆ ತಲೆಯೆತ್ತಿ ಕೇಳಿತು: "ಹುಣಸೆ ಯಾಕೆ ಹಚ್ಚಲಿಲ್ಲ?"

"ಸಂಪಿಗೆ ಹಚ್ಚಿದ್ದೆನಲ್ಲ! ಹಾಡಿಯೂ ಹೇಳಿದ್ದೆನಲ್ಲ!" ಎಂದು ಗೊರವಂಕ ಗಂಟಲು ಹರಿಯುವಂತೆ ಕೂಗಿತು.

ಇರುವೆ ಆ ಖಾಲಿ ಜಾಗವನ್ನು ಮೀಸೆಯಿಂದ ಇನ್ನೊಮ್ಮೆ ತಡವಿ, ಅಲ್ಲೇ ಮುದುಡಿಕೊಂಡಿತು.

ಮಳೆ ನಿಂತ ಮೇಲೆ ಗೊರವಂಕ ಹುಣಸೆ ತಂದು ಅದರ ಜಾಗಕ್ಕೇ ಹಚ್ಚಿತು. ಓದಲು ಯಾರೂ ಇರಲಿಲ್ಲ. ಗೆದ್ದಲು ಅದನ್ನು ತುಳಿದುಕೊಂಡು ಮೇಲೇರುತ್ತಿತ್ತು.