ಮಂಚದ ಆಚೆ ಬದಿ

ಹರಿಹರದ ಹೊಳೆದಂಡೆಯಲ್ಲಿ ಚನ್ನವೀರಯ್ಯ ಎಂಬ ಫೋಟೋ ಗುರುಗಳಿದ್ದರು. ಅವರ ಶಿಷ್ಯ ತಿಪ್ಪೇಶ ಮಾರಾಟಕ್ಕಿರುವ ಮನೆಗಳ ಫೋಟೋ ತೆಗೆಯುತ್ತಿದ್ದ.

ಶಿಷ್ಯನಿಗೆ ಒಂದೇ ಪ್ರಶ್ನೆ. ಗುರುಗಳಿಗೆ ಅದೇ ತಲೆನೋವು.

"ಗುರುಗಳೇ, ಅಗಲಕ್ಕೆ ಹಿಡಿಯೋ ಲೆನ್ಸ್ ಯಾವುದು ತಗಳ್ಳಲಿ? ಹತ್ತು ಎಂಎಂದಾ, ಹದಿನಾರರದಾ?"

"ಹದಿನಾರು ಸಾಕು ಅಂತ ಸೋಮವಾರ ಹೇಳ್ದೆ. ಮಂಗಳವಾರಾನೂ ಹೇಳ್ದೆ. ಇವತ್ತು ಯಾವ ವಾರನಪ್ಪಾ?"

"ಬುಧವಾರ. ಆದ್ರೆ ನಂಬರ್ ಕಮ್ಮಿ ಆದಷ್ಟೂ ಕೋಣೆ ದೊಡ್ಡದಾಗಿ ಕಾಣ್ತದಲ್ರೀ. ಏಜೆಂಟರಿಗೆ ಅದೇ ಬೇಕಂತೆ."

ಗುರುಗಳು ಹಣೆ ಚಚ್ಚಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಅವರಿಗೆ ಸಾಕಾಗಿತ್ತು.

ತಿಪ್ಪೇಶ ಆಗಲೇ ಯಾರದೋ ಹತ್ತು ಎಂಎಂ ಲೆನ್ಸ್ ಕೇಳಿ ತಂದು ಹಿಂದಿನ ಬೀದಿಯ ಮನೆಯೊಂದರ ಫೋಟೋ ತೆಗೆದಿದ್ದ. ಫೋಟೋದಲ್ಲಿ ಅದರ ಮಲಗುವ ಕೋಣೆ ಮದುವೆ ಛತ್ರದಂತೆ ಕಾಣುತ್ತಿತ್ತು.

ಅಷ್ಟರಲ್ಲಿ ರಾಣೆಬೆನ್ನೂರಿನಿಂದ ಸಾವಂತ್ರವ್ವ ಎಂಬಾಕೆ ಬಂದಳು. ಅದೇ ಮನೆಯ ಬೀಗದ ಕೈ ಇಲ್ಲಿದೆ ಎಂದು ಏಜೆಂಟರು ಆಕೆಯನ್ನು ಕಳಿಸಿದ್ದರು. ಆಕೆಯ ಮೊಬೈಲಿನಲ್ಲಿ ಆ ಫೋಟೋ ಇತ್ತು.

"ನಮ್ಮ ಯಜಮಾನರಿಗೆ ಲಕ್ವ ಹೊಡದೈತ್ರಿ. ಬೆನ್ನೆಲ್ಲಾ ಹುಣ್ಣು. ಮಂಚ ನಡುವ ಹಾಕಿ ಎರಡೂ ಕಡೆ ನಿಂತು ಅವರನ್ನ ಮಗ್ಗಲಿಗೆ ಹೊಳ್ಳಿಸಾಕ ಜಾಗ ಬೇಕಾಗಿತ್ತು. ಈ ಕೋಣಿ ನೋಡಿ ಜೀವ ಬಂತ್ರಿ. ಇವತ್ತ ಮಾತು ಕೊಟ್ಟಬಿಡ್ತೀನಿ."

ತಿಪ್ಪೇಶ ಹೆಮ್ಮೆಯಿಂದ ಗುರುಗಳ ಕಡೆ ನೋಡಿದ.

ಗುರುಗಳು ತಾವು ಮಧ್ಯಾಹ್ನ ಮಲಗುವ ಮಂಚದಿಂದ ಎದ್ದರು. "ಇದನ್ನ ಹೊತ್ಕೋ," ಎಂದರು.

"ಯಾಕ್ರೀ?"

"ಹೊತ್ಕೋ ಅಂದ್ರೆ ಹೊತ್ಕೋ!"

ಉರಿಬಿಸಿಲಿನಲ್ಲಿ ಶಿಷ್ಯ ಗೊಣಗುತ್ತಾ ಮಂಚ ಹೊತ್ತು ನಡೆದ. ಹಿಂದೆ ಗುರುಗಳು, ಅವರ ಹಿಂದೆ ಸಾವಂತ್ರವ್ವ. ಕಂಡವರೆಲ್ಲ ನಕ್ಕರು.

ಮಂಚವನ್ನು ಅಡ್ಡ ಮಾಡಿ, ಉದ್ದ ಮಾಡಿ, ಹೇಗೋ ಕೋಣೆಯೊಳಗೆ ತೂರಿಸಿ ನಡುವೆ ಇಟ್ಟದ್ದಾಯಿತು.

"ಹಿಡೀತಲ್ರೀ ಗುರುಗಳೇ!"

ಗುರುಗಳು ಕಾಲ ಕಡೆಯಿಂದ ಹತ್ತಿ, ಕೈಕಾಲು ಸಡಿಲ ಬಿಟ್ಟು ಮಲಗಿದರು.

"ನನಗೆ ಲಕ್ವ ಹೊಡೆದೈತೆ ಅನ್ಕೋ. ಆಚೆ ಬದಿಗೆ ಹೋಗಿ ನನ್ನನ್ನ ಆ ಮಗ್ಗುಲಿಗೆ ಎಳ್ಕೋ."

ಮಂಚಕ್ಕೂ ಆಚೆ ಗೋಡೆಗೂ ನಡುವೆ ಒಂದು ಗೇಣು. ಈಚೆಗೂ ಅಷ್ಟೇ. ತಿಪ್ಪೇಶ ಪಕ್ಕಕ್ಕೆ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನುಗ್ಗಿದ. ಮೊಣಕಾಲು ಸಿಕ್ಕಿಕೊಂಡಿತು. ಹಿಂದಕ್ಕೆ ಬಂದ.

ಬಾಗಿಲಲ್ಲಿ ನಿಂತಿದ್ದ ಸಾವಂತ್ರವ್ವ ಒಮ್ಮೆ ಮೊಬೈಲ್ ನೋಡಿದಳು, ಒಮ್ಮೆ ಕೋಣೆ ನೋಡಿದಳು.

"ಫೋಟೋ ತಗದಾಂವ ನೀನ ಏನಪ್ಪಾ?"

"ಹೂಂ ಅಮ್ಮಾ."

"ಎಲ್ಲಿ ನಿಂತು ತಗದಿ?"

"ಆ ಮೂಲೇಲಿ. ಕ್ಯಾಮೆರಾ ಗೋಡೆಗೆ ಒತ್ತಿ ಹಿಡಿದು..."

"ಫೋಟೋದಾಗಿನ ಜಾಗ ಎಲ್ಲೈತಿ ತೋರಸು. ನಾ ಅಲ್ಲಿ ನಿಂತು ಅವರನ್ನ ಹೊಳ್ಳಿಸಬೇಕು."

ತಿಪ್ಪೇಶ ಮಂಚ, ಗೋಡೆಗಳ ನಡುವಿನ ಗೇಣು ಜಾಗ ನೋಡಿ ತಲೆ ತಗ್ಗಿಸಿದ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು, "ಬಸ್ಸಿಗೆ ಹೊತ್ತಾತು, ಮನ್ಯಾಗ ಅವರೊಬ್ಬರ ಅದಾರ," ಎಂದು ಹೊರಟುಹೋದಳು.

ಶಿಷ್ಯನಿಗೆ ನಾಚಿಕೆಯಾಗಿತ್ತು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿಯೇಬಿಟ್ಟ.

"ಹಂಗಾದ್ರೆ ಗುರುಗಳೇ, ಯಾವ ಲೆನ್ಸ್ ತಗಳ್ಳಲಿ?"

ಗುರುಗಳು ಮಲಗಿದಲ್ಲಿಂದಲೇ ಕಣ್ಣು ಮುಚ್ಚಿದರು.

"ಆಚೆ ಬದಿಗೆ ಹೋಗಿ ನಿಂತು ಕೇಳು, ಹೇಳ್ತೀನಿ."