ಕಣ್ಣಿಗೊಂದು ತುತ್ತು

ವಿಶಾಲಾಕ್ಷಮ್ಮ ಹೊಸ ಟಿವಿಯಲ್ಲಿ ಧಾರಾವಾಹಿ ಹಾಕಿದರೆ ಮನೆಗೆಲಸದ ಸಾಕಮ್ಮನ ಪೊರಕೆ ನಿಲ್ಲುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಚಿತ್ರವೇ ಬರಲಿಲ್ಲ.

"ನಿನ್ನ ಕಣ್ಣು ಬಿದ್ದೇ ವೈಫೈ ಹೋಯ್ತು. ಸರಿಮಾಡು, ಇಲ್ಲಾ ನಾಳೆಯಿಂದ ಬರಬೇಡ."

ಸಾಕಮ್ಮ ನೋಡಿದಳು. ಪಕ್ಕದ ಮನೆಯವರ ದೃಷ್ಟಿ ತಾಗದಿರಲೆಂದು ಅಮ್ಮಾವ್ರು ವೈಫೈ ಪೆಟ್ಟಿಗೆಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರು. ಲಿಫ್ಟಿನೊಳಗೆ ತನ್ನ ಫೋನಿನ ಸಿಗ್ನಲ್ಲೂ ಹೀಗೇ ಸಾಯುವುದು ನೆನಪಾಯಿತು.

"ದೃಷ್ಟಿ ತೆಗೆಯೋಕೆ ಈ ಡಬ್ಬಿನೇ ಆಗ್ಬೇಕು ಅಮ್ಮಾ."

ಪೆಟ್ಟಿಗೆಯನ್ನು ಹೊರಗಿಟ್ಟು, ಡಬ್ಬಿಗೆ ಉಪ್ಪು, ಮೆಣಸಿನಕಾಯಿ ಹಾಕಿ ಟಿವಿಗೆ ನಿವಾಳಿಸಿದಳು. ಚಿತ್ರ ಓಡಿತು. ಅಮ್ಮಾವ್ರು ಟಿವಿಗೆ ಕೈಮುಗಿದು ಕೇಳಿದರು:

"ಮತ್ತೆ ತಾಗಿದರೆ?"

"ತಿನ್ನುವಾಗ ಕಣ್ಣು ಹಾಕಿದವರಿಗೆ ಒಂದು ತುತ್ತು ಕೊಡೋದಿಲ್ವಾ? ಇದಕ್ಕೂ ಅದೇ ಮದ್ದು."

ಅಂದಿನಿಂದ ಸಾಕಮ್ಮ ಸೋಫಾದಲ್ಲಿ ಕೂತೇ ಧಾರಾವಾಹಿ ನೋಡುತ್ತಾಳೆ. ಈಗ ಹೊಟ್ಟೆ ಉರಿಯುವ ಸರದಿ ಅಮ್ಮಾವ್ರದು.