ಹಸಿವಿಲ್ಲದವನ ಬುತ್ತಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಕೆಲವು ಕಾಲದಿಂದ ನನಗೆ ಧ್ಯಾನದಲ್ಲಿ ಮನಸ್ಸಿಲ್ಲ. ಆದರೂ ಬೆಳಗಿನ ಗಂಟೆ ಹೊಡೆದ ಕೂಡಲೇ ಎಲ್ಲರೊಡನೆ ಬಂದು ಕುಳಿತುಕೊಳ್ಳುತ್ತೇನೆ. ಇದು ನನಗೇ ನಟನೆಯಂತೆ ತೋರುತ್ತಿದೆ. ಮನಸ್ಸು ತಾನಾಗಿ ಬಯಸುವವರೆಗೆ ನಾನು ದೂರವಿದ್ದರೆ ಅದು ಹೆಚ್ಚು ಪ್ರಾಮಾಣಿಕವಲ್ಲವೇ?"

ಗುರುಗಳು ಅವನನ್ನು ಕುಳ್ಳಿರಿಸಿ ಈ ಕತೆಯನ್ನು ಹೇಳಿದರು.

ಒಬ್ಬ ಸೈನಿಕನಿದ್ದ. ಬಹುಕಾಲ ಹಿಮದ ಗಡಿಯಲ್ಲಿ ಕಾವಲಿದ್ದು, ನಿವೃತ್ತನಾಗಿ ಊರಿಗೆ ಬಂದ. ಬೆಟ್ಟ ಹತ್ತುವವರ ಬುತ್ತಿ ಹೇಗಿರಬೇಕೆಂಬುದು ಅವನಿಗೆ ತಿಳಿದಿತ್ತು. ಅದು ಹಗುರವಾಗಿರಬೇಕು, ಕೆಡಬಾರದು, ಒಲೆ ಹಚ್ಚದೆ ತಿನ್ನುವಂತಿರಬೇಕು. ಅವನೂ ಅವನ ಹೆಂಡತಿಯೂ ಸೇರಿ ರಾಗಿಯನ್ನೂ ಕಡಲೆಯನ್ನೂ ಹುರಿದು, ಬೀಸಿ, ಬೆಲ್ಲ ತುಪ್ಪ ಬೆರೆಸಿ, ಉಂಡೆ ಕಟ್ಟಿ ಚಾರಣಿಗರಿಗೆ ಮಾರತೊಡಗಿದರು.

ಸೈನ್ಯದಲ್ಲಿ ಅವನಿಗೆ ಸಹಿಸಲಾಗದೆ ಇದ್ದುದು ಒಂದೇ. ಪ್ರತಿ ನಿಲುಗಡೆಯಲ್ಲೂ ಹವಾಲ್ದಾರ ಎದುರು ನಿಂತು 'ತಿನ್ನು' ಎಂದು ಆಜ್ಞೆ ಮಾಡುತ್ತಿದ್ದ. ನುಂಗುವವರೆಗೂ ಕದಲುತ್ತಿರಲಿಲ್ಲ. ಹಸಿವಿದೆಯೇ ಎಂದು ಒಮ್ಮೆಯೂ ಕೇಳಲಿಲ್ಲ. ಸ್ವತಂತ್ರ ಮನುಷ್ಯನನ್ನು ಹೀಗೆ ನಡೆಸಿಕೊಳ್ಳುವುದು ತಪ್ಪೆಂದು ಸೈನಿಕ ಅಂದೇ ನಿಶ್ಚಯಿಸಿದ್ದ. ಆದುದರಿಂದ ತನ್ನ ಪ್ರತಿ ಪೊಟ್ಟಣದ ಮೇಲೂ 'ಹಸಿದಾಗ ತಿನ್ನಿ' ಎಂದು ಅಚ್ಚು ಹಾಕಿಸಿದ. ಉಂಡೆಗಿಂತಲೂ ಆ ಮಾತಿನ ಬಗ್ಗೆ ಅವನಿಗೆ ಅಭಿಮಾನವಿತ್ತು.

ವ್ಯಾಪಾರ ಚೆನ್ನಾಗಿ ನಡೆಯಿತು. ಹೀಗಿರುವಾಗ, ಹಿಮಬೆಟ್ಟಕ್ಕೆ ಹೋಗಿದ್ದ ಒಬ್ಬ ಗಟ್ಟಿಮುಟ್ಟಾದ ತರುಣನನ್ನು ಜೊತೆಗಾರರು ಹೊತ್ತು ಇಳಿಸಿದರೆಂಬ ಸುದ್ದಿ ಬಂತು. ಅವನು ಕಷ್ಟದಿಂದ ಉಳಿದುಕೊಂಡ. ಅವನ ಚೀಲದ ತುಂಬ ಸೈನಿಕನ ಪೊಟ್ಟಣಗಳಿದ್ದವು. ಒಂದು ಉಂಡೆಯನ್ನು ಕಚ್ಚಿ ಬಿಟ್ಟಿದ್ದ, ಉಳಿದವನ್ನು ಮುಟ್ಟಿರಲಿಲ್ಲ.

ರುಚಿ ಸಾಲದೆಂದು ಸೈನಿಕ ತಿಳಿದ. ಏಲಕ್ಕಿ ಸೇರಿಸಿದ, ಒಣದ್ರಾಕ್ಷಿ ಸೇರಿಸಿದ. ಊರಿನಲ್ಲಿ ತಿಂದವರೆಲ್ಲ ಹೊಗಳಿದರು. ಮುಂದಿನ ತಂಡವೂ ಪೊಟ್ಟಣಗಳನ್ನು ಒಡೆಯದೆ ಹಿಂದಕ್ಕೆ ತಂದಿತು.

ತಾನೇ ಹೋಗಿ ನೋಡಬೇಕೆಂದು ಸೈನಿಕ ಹೊರಟ. ಹೆಂಡತಿಯೂ ಹೊರಟಳು. ಮೊದಲ ಏರಿನಲ್ಲಿ ಇಬ್ಬರೂ ತಿಂದರು. ಮೇಲೆ ಹೋದಂತೆ ಅವನ ಹಸಿವು ಕಡಮೆಯಾಯಿತು. ಹಿಮ ತಲುಪುವ ಹೊತ್ತಿಗೆ ಪೂರ್ತಿ ನಿಂತಿತು. ಸೈನ್ಯದಲ್ಲಿ ಹಸಿವಿಗಿಂತ ಮೊದಲೇ ಆಜ್ಞೆ ಬರುತ್ತಿದ್ದುದರಿಂದ, ಆ ಎತ್ತರದಲ್ಲಿ ಹಸಿವಾಗುವುದೋ ಇಲ್ಲವೋ ಎಂದು ಅವನು ಎಂದೂ ಗಮನಿಸಿರಲಿಲ್ಲ. ಹಸಿವಿಲ್ಲದಿರುವುದನ್ನು ಅವನು ತನ್ನ ಶಕ್ತಿಯೆಂದು ಭಾವಿಸಿ ಏನನ್ನೂ ತಿನ್ನದೆ ನಡೆದ. ಹೆಂಡತಿಗೂ ಹಸಿವಿರಲಿಲ್ಲ. ಆದರೆ ತಾನು ಹೊಗೆಯಲ್ಲಿ ನಿಂತು ಹುರಿದದ್ದನ್ನು ತಾನೇ ಹೊತ್ತು ವಾಪಸು ತರಲು ಅವಳಿಗೆ ಇಷ್ಟವಿರಲಿಲ್ಲ. ಕುಳಿತಲ್ಲೆಲ್ಲ ಒಂದೊಂದು ಉಂಡೆ ತಿಂದಳು.

ಇಳಿಯುವಾಗ ಸೈನಿಕ ಒಂದು ಬಂಡೆಯ ಮೇಲೆ ಕುಳಿತ. ಮತ್ತೆ ಏಳಲಾಗಲಿಲ್ಲ. ಮೋಡ ಕವಿಯುತ್ತಿತ್ತು. ಗುಡಾರ ಬಹಳ ಕೆಳಗಿತ್ತು. ಅವನನ್ನು ಹೊರುವ ಬಲ ಅವಳಿಗಿರಲಿಲ್ಲ. ಅವಳು ಪೊಟ್ಟಣ ಒಡೆದು ಉಂಡೆಯನ್ನು ಅವನ ಕೈಯಲ್ಲಿಟ್ಟಳು.

"ತಿನ್ನಿ."

"ಹಸಿವಿಲ್ಲ."

"ಹಸಿವಿನ ವಿಚಾರ ಯಾರು ಕೇಳಿದರು? ತಿನ್ನಿ."

"ನೀನೂ ಆ ಹವಾಲ್ದಾರನ ಹಾಗೆ ಗದರಿಸಬೇಡ."

"ಆ ಮಹಾರಾಯ ಪ್ರತಿ ವರ್ಷ ನಿಮ್ಮನ್ನು ಜೀವಸಹಿತ ನನ್ನ ಬಾಗಿಲಿಗೆ ಕಳಿಸಿದ. ಈಗ ನಾನು ನಿಮ್ಮನ್ನು ಇಲ್ಲಿ ಬಿಟ್ಟು ಹೋಗಿ ಅವನಿಗೆ ಏನು ಹೇಳಲಿ? ಬಾಯಿ ತೆರೆಯಿರಿ."

ಅವನು ಬಾಯಿ ತೆರೆದ.

ಊರಿಗೆ ಮರಳಿದ ಮೇಲೆ ಸೈನಿಕ ಪೊಟ್ಟಣದ ಮೇಲಿನ ಮಾತನ್ನು ತೆಗೆಸಿದ. ಒಬ್ಬಂಟಿಯಾಗಿ ಹೊರಟವರಿಗೆ ಮಾರುವುದನ್ನು ನಿಲ್ಲಿಸಿದ. ತಂಡದವರು ಬಂದರೆ, 'ನಿಮ್ಮಲ್ಲಿ ಗದರಿಸಿ ತಿನ್ನಿಸುವವರು ಯಾರು?' ಎಂದು ಕೇಳಿ, ಆ ಒಬ್ಬರ ಕೈಗೇ ಎಲ್ಲ ಪೊಟ್ಟಣಗಳನ್ನು ಕೊಟ್ಟ. ಪಕ್ಕದ ಅಂಗಡಿಯ ವ್ಯಾಪಾರಿ ನಕ್ಕು, "ಉಂಡೆಯ ಜೊತೆಗೆ ಒಬ್ಬೊಬ್ಬ ಅತ್ತೆಯನ್ನೂ ಕಟ್ಟಿ ಕೊಡುತ್ತೀರೋ?" ಎಂದ. "ಸಿಕ್ಕಿದರೆ ಕೊಡುತ್ತಿದ್ದೆ" ಎಂದ ಸೈನಿಕ. ಗಿರಾಕಿಗಳು ಕಡಮೆಯಾದರು. ಅವನು ತನ್ನ ಕ್ರಮವನ್ನು ಬದಲಿಸಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಗುರುಗಳೇ, ಬೇಡವೆನ್ನುತ್ತಲೇ ತಿಂದನಲ್ಲ, ಆ ಉಂಡೆ ಅವನಿಗೆ ರುಚಿಸಿತೇ?"

ಗುರುಗಳು ಹೇಳಿದರು: "ಮಣ್ಣಿನ ಹಾಗಿತ್ತಂತೆ, ಅದನ್ನು ತಿಂದೇ ಅವನು ಎದ್ದು ನಡೆದ."